ಮಾತಾಡಿಕೊಂಡು ಓಡುವವರು

ಭಾನುವಾರ ಬೆಳಗ್ಗೆ ಆರೂವರೆಗೆ ಕಬ್ಬನ್ ಪಾರ್ಕಿನ ರಸ್ತೆ ಬದಿಯಲ್ಲಿ ಕಣ್ಣು ಮುಚ್ಚಿ ನಿಂತರೂ ಓಡುವವರನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಕೆಲವರು ಹಾದುಹೋದಾಗ ಕೇಳುವುದು ಏದುಸಿರು ಮಾತ್ರ. ಇನ್ನು ಕೆಲವರು ಹಾದುಹೋದಾಗ ಸಂಸಾರದ ಸುದ್ದಿಯೂ ಕಿವಿಗೆ ಬೀಳುತ್ತದೆ. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಕಡೆಯಿಂದ ಇಬ್ಬರು ಹೆಂಗಸರು ಬರುತ್ತಿದ್ದಾರೆ ಎನ್ನಿ. ಒಬ್ಬರಿಗೆ ಐವತ್ತೈದರ ಆಸುಪಾಸು, ಇನ್ನೊಬ್ಬರು ಹತ್ತು ಹದಿನೈದು ವರ್ಷ ಚಿಕ್ಕವರು.

"ಆಮೇಲೆ ಏನಂದ್ರು ಓನರ್ರು?"

"ಪೇಂಟಿಂಗ್ ದುಡ್ಡು ಅಂತ ಒಂದ್ ತಿಂಗಳ ಬಾಡಿಗೆ ಹಿಡ್ಕೊಂಡಿದ್ದಾರೆ ಅಕ್ಕ. ಇವರು ಬಿಟ್ಬಿಡು ಅಂತಾರೆ. ನಾನ್ ಯಾಕೆ..."

ಅಷ್ಟರಲ್ಲಿ ರಸ್ತೆ ಸಣ್ಣಗೆ ಏರುತ್ತದೆ. ಮಾತು ಅಲ್ಲೇ ನಿಲ್ಲುತ್ತದೆ. ಒಂದಷ್ಟು ಹೆಜ್ಜೆ ಇಬ್ಬರೂ ಸುಮ್ಮನೆ ಓಡುತ್ತಾರೆ. ಏರು ಮುಗಿದು ರಸ್ತೆ ಸಮವಾದ ಮೇಲೆ, "ಯಾಕೆ ಬಿಡ್ಲಿ ಹೇಳಿ?" ಎಂದು ವಾಕ್ಯ ಪೂರ್ತಿಯಾಗುತ್ತದೆ.

ವಾಕ್ಯ ತುಂಡಾದ ಆ ಜಾಗ ಶರೀರಶಾಸ್ತ್ರದ ಬಹು ಮುಖ್ಯವಾದ ಒಂದು ಗಡಿ. ಮಾತಾಡಬೇಕಾದರೆ ಉಸಿರನ್ನು ತಡೆದು ತಡೆದು, ಉದ್ದಕ್ಕೆ ಹೊರಬಿಡಬೇಕು. ನಿಧಾನವಾಗಿ ಓಡುವಾಗ ಅದಕ್ಕೆ ಬಿಡುವಿದೆ. ವೇಗ ಹೆಚ್ಚಿತು, ಇಲ್ಲವೇ ಏರು ಬಂತು ಎಂದರೆ ಸ್ನಾಯುಗಳು ಸಕ್ಕರೆಯನ್ನು ಇನ್ನಷ್ಟು ಅವಸರದಿಂದ ಒಡೆಯತೊಡಗುತ್ತವೆ. ಲ್ಯಾಕ್ಟೇಟ್ ಹೆಚ್ಚುತ್ತದೆ, ಅದರ ಜೊತೆಗೆ ರಕ್ತ ಆಮ್ಲೀಯವಾಗುವ ಒತ್ತಡವೂ ಹೆಚ್ಚುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟ್ ಆ ಆಮ್ಲವನ್ನು ತಣಿಸುತ್ತದೆ, ತಣಿಸುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಬೇಗ ಹೊರಹಾಕಬೇಕೆಂದು ಮೆದುಳು ಉಸಿರಾಟವನ್ನು ಜೋರು ಮಾಡುತ್ತದೆ. ಆ ಹೊತ್ತಿಗೆ ಮಾತಿಗೆ ಉಸಿರು ಉಳಿದಿರುವುದಿಲ್ಲ. ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ಅನಿಲ ಅಳೆಯುವ ಯಂತ್ರ ಇಟ್ಟು ಹುಡುಕುವ ಈ ಹೊಸ್ತಿಲನ್ನು ಆ ಇಬ್ಬರು ತಮ್ಮ ಮಾತಿನಿಂದಲೇ ಪತ್ತೆ ಹಚ್ಚಿದ್ದಾರೆ. ತರಬೇತುದಾರರು ಇದಕ್ಕೆ 'ಟಾಕ್ ಟೆಸ್ಟ್' ಎನ್ನುತ್ತಾರೆ. ಹವ್ಯಾಸಕ್ಕೆ ಓಡುವವರಿಗೆ ಇದಕ್ಕಿಂತ ನಂಬಿಕಸ್ಥ ಉಪಕರಣ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 220ರಿಂದ ವಯಸ್ಸನ್ನು ಕಳೆದು ಹೃದಯದ ಗರಿಷ್ಠ ಬಡಿತ ಹೇಳುವ ಸೂತ್ರ ಜನಸಮೂಹದ ಸರಾಸರಿಗೆ ಸರಿ. ಒಬ್ಬೊಬ್ಬರ ವಿಷಯಕ್ಕೆ ಬಂದರೆ ಹತ್ತು ಬಡಿತ ಆಚೀಚೆ ಆಗುವುದು ತೀರ ಸಾಮಾನ್ಯ.

ಇಲ್ಲೇ ಲ್ಯಾಕ್ಟೇಟ್ ಬಗ್ಗೆ ಒಂದು ಮಾತು. ಅದು ಸ್ನಾಯುವಿನಲ್ಲಿ ಸೇರಿಕೊಳ್ಳುವ ವಿಷ, ಮಾರನೆಯ ದಿನದ ಮೈಕೈ ನೋವಿಗೆ ಅದೇ ಕಾರಣ ಎಂಬ ನಂಬಿಕೆ ಇನ್ನೂ ಜಿಮ್ಮುಗಳಲ್ಲಿ ಓಡಾಡುತ್ತಿದೆ. ಓಟ ನಿಂತು ಗಂಟೆಯೊಂದು ಕಳೆಯುವಷ್ಟರಲ್ಲಿ ರಕ್ತದ ಲ್ಯಾಕ್ಟೇಟ್ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ಅದು ವಿಷವಲ್ಲ, ಇಂಧನ. ಒಂದು ಸ್ನಾಯು ಹೊರಬಿಟ್ಟಿದ್ದನ್ನು ಇನ್ನೊಂದು ಸ್ನಾಯು, ಹೃದಯವೂ ಸೇರಿ, ಉರಿಸಿಕೊಳ್ಳುತ್ತದೆ ಎಂದು ಕ್ಯಾಲಿಫೋರ್ನಿಯಾದ ಜಾರ್ಜ್ ಬ್ರೂಕ್ಸ್ ದಶಕಗಳ ಕೆಲಸದಿಂದ ತೋರಿಸಿದರು.

ಹೊಸದಾಗಿ ಓಡಲು ಹೊರಟವರಲ್ಲಿ ಬಹಳ ಮಂದಿ ಮೊದಲ ವಾರದಲ್ಲೇ "ನಮ್ಮ ಕೈಲಾಗದ ಕೆಲಸ" ಎಂದು ಬಿಟ್ಟುಬಿಡುತ್ತಾರೆ. ಅವರನ್ನು ಸೋಲಿಸುವುದು ಮೊದಲ ಐದು ನಿಮಿಷ. ಗೇಟಿನಿಂದ ಹೊರಗೆ ಕಾಲಿಟ್ಟು ಓಡತೊಡಗಿದ ಕ್ಷಣದಿಂದಲೇ ದೇಹಕ್ಕೆ ಸುಮ್ಮನೆ ಕೂತಾಗ ಬೇಕಾಗುವ ಆಮ್ಲಜನಕದ ಸುಮಾರು ಎಂಟು ಪಟ್ಟು ಬೇಕು. ಆದರೆ ಹೃದಯ, ಶ್ವಾಸಕೋಶ, ರಕ್ತನಾಳಗಳು ಆ ಬೇಡಿಕೆಯನ್ನು ಮುಟ್ಟುವುದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ, ಅಭ್ಯಾಸವಿಲ್ಲದವರಲ್ಲಿ ಇನ್ನೂ ಹೆಚ್ಚು. ನಡುವಿನ ಕೊರತೆಯನ್ನು ಸ್ನಾಯು ತನ್ನಲ್ಲಿರುವ ಫಾಸ್ಫೊಕ್ರಿಯಾಟಿನ್‌ನಿಂದ, ಆಮ್ಲಜನಕವಿಲ್ಲದೆ ಒಡೆದ ಸಕ್ಕರೆಯಿಂದ ತುಂಬಿಸಿಕೊಳ್ಳುತ್ತದೆ. 1920ರ ದಶಕದ ಆರಂಭದಲ್ಲಿ ಇದರ ಲೆಕ್ಕ ಹಾಕಿದವರು ಮ್ಯಾಂಚೆಸ್ಟರಿನ ಎ.ವಿ. ಹಿಲ್. ಸ್ನಾಯುವಿನಲ್ಲಿ ಹುಟ್ಟುವ ಶಾಖದ ಸಂಶೋಧನೆಗೆ 1922ರ ನೊಬೆಲ್ ಪಡೆದ ಈ ಮನುಷ್ಯ ಸ್ವತಃ ಓಟಗಾರ. ಬಿಟ್ಟ ಉಸಿರನ್ನು ಹಿಡಿದಿಡುವ ದೊಡ್ಡ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ತಾವೇ ಹುಲ್ಲಿನ ಮೇಲೆ ಸುತ್ತು ಹಾಕಿದರು. ಅವರು ಕಂಡದ್ದನ್ನು ಇಂದಿನ ಯಾವುದೇ ಓಟಗಾರ ತನ್ನ ಮೈಯಲ್ಲೇ ಕಾಣಬಹುದು: ಮೊದಲೆರಡು ನಿಮಿಷದ ದಮ್ಮು ಕಟ್ಟುವಿಕೆ ಎಂಟನೆಯ ನಿಮಿಷದಲ್ಲಿ ಇರುವುದಿಲ್ಲ. ವೇಗ ಅಷ್ಟೇ ಇರುತ್ತದೆ, ಪೂರೈಕೆ ಬೇಡಿಕೆಯನ್ನು ಮುಟ್ಟಿರುತ್ತದೆ. ಹಳಬರು ಮೊದಲ ಅರ್ಧ ಕಿಲೋಮೀಟರನ್ನು ನಡಿಗೆಗಿಂತ ಒಂದಿಷ್ಟೇ ಜೋರಾಗಿ ಶುರು ಮಾಡುವುದು ಇದಕ್ಕೇ.

ನಿಧಾನವಾಗಿ ಓಡಿದರೆ ಏನು ಸಿಗುತ್ತದೆ? ಶಕ್ತಿಯ ಖರ್ಚಿನಲ್ಲಂತೂ ಏನೂ ನಷ್ಟವಿಲ್ಲ. ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ ಹೆಚ್ಚುಕಡಿಮೆ 1 ಕಿಲೋಕ್ಯಾಲರಿ ಬೇಕು. ವೇಗ ಬದಲಾದರೂ ಈ ಅಂಕಿ ಅಷ್ಟಾಗಿ ಬದಲಾಗುವುದಿಲ್ಲ. 60 ಕಿಲೋ ತೂಕದವರು 5 ಕಿಲೋಮೀಟರನ್ನು ಇಪ್ಪತ್ತೈದು ನಿಮಿಷದಲ್ಲಿ ಓಡಲಿ, ನಲವತ್ತರಲ್ಲಿ ಓಡಲಿ, ಖರ್ಚು ಸುಮಾರು 300 ಕಿಲೋಕ್ಯಾಲರಿ. ಅಂದರೆ ನೂರು ಗ್ರಾಂಗೆ ಕೊಂಚ ಕಡಿಮೆ ರಾಗಿ ಹಿಟ್ಟಿನ ಒಂದು ಮುದ್ದೆ. ತೂಕ ಇಳಿಸುವುದೊಂದನ್ನೇ ನೆಚ್ಚಿ ಓಡುವವರಿಗೆ ಈ ಲೆಕ್ಕ ನಿರಾಶೆ ತರಬಹುದು. ಓಟದ ನಿಜವಾದ ಗಳಿಕೆ ಬೇರೆ ಕಡೆ ಇದೆ.

1967ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಜಾನ್ ಹೊಲೊಸಿ ಇಲಿಗಳನ್ನು ವಾರಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಕಾಲಿನ ಸ್ನಾಯುವನ್ನು ಪರೀಕ್ಷಿಸಿದರು. ಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಸಾಮರ್ಥ್ಯ ಎರಡು ಪಟ್ಟಾಗಿತ್ತು. ಸ್ನಾಯು ದಪ್ಪವಾಗದೆಯೇ ಒಳಗಿನಿಂದ ಬದಲಾಗಿತ್ತು. ಮನುಷ್ಯರಲ್ಲೂ ಹೀಗೇ. ಮೈಟೊಕಾಂಡ್ರಿಯ ಹೆಚ್ಚಿದಂತೆ ದೇಹ ಅದೇ ವೇಗದಲ್ಲಿ ಸಕ್ಕರೆಗಿಂತ ಕೊಬ್ಬನ್ನು ಹೆಚ್ಚು ಉರಿಸಲು ಕಲಿಯುತ್ತದೆ. ಇದು ದೂರದ ಓಟಗಾರರಿಗೆ ಜೀವಾಳ. ನಮ್ಮ ಸ್ನಾಯು, ಯಕೃತ್ತುಗಳಲ್ಲಿ ಶೇಖರವಾಗಿರುವ ಗ್ಲೈಕೊಜೆನ್ ಸುಮಾರು 2,000 ಕಿಲೋಕ್ಯಾಲರಿಗಷ್ಟೇ ಸಾಕು. 60 ಕಿಲೋ ತೂಕದವರಿಗೆ ಅದು 30 ಕಿಲೋಮೀಟರ್ ಚಿಲ್ಲರೆ. ಮ್ಯಾರಥಾನಿನ 42.195 ಕಿಲೋಮೀಟರಿನಲ್ಲಿ ಮೂವತ್ತು ದಾಟಿದ ಮೇಲೆ ಗೋಡೆಗೆ ಢಿಕ್ಕಿ ಹೊಡೆದಂತಾಯಿತು ಎಂದು ಓಟಗಾರರು ಹೇಳುವುದು ಈ ಕಣಜ ಬರಿದಾದಾಗ. ಕೊಬ್ಬಿನ ದಾಸ್ತಾನಾದರೋ ತೆಳ್ಳಗಿನವರಲ್ಲೂ ಹತ್ತಾರು ಸಾವಿರ ಕಿಲೋಕ್ಯಾಲರಿ. ಅದನ್ನು ಬಳಸುವ ಬಾಗಿಲು ತೆರೆಯಬೇಕಾದರೆ ಮಾತಾಡಿಕೊಂಡು ಓಡುವ ವೇಗದಲ್ಲಿ ತಿಂಗಳುಗಟ್ಟಲೆ ಕಾಲ ಕಳೆಯಬೇಕು.

ಇದನ್ನು ಪ್ರಯೋಗಾಲಯಕ್ಕಿಂತ ಮೊದಲೇ ರಸ್ತೆಯ ಮೇಲೆ ಕಂಡುಕೊಂಡವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಆಕ್ಲೆಂಡಿನಲ್ಲಿ ಶೂ ಫ್ಯಾಕ್ಟರಿಯ ಕೆಲಸ ಮಾಡಿಕೊಂಡಿದ್ದ ಅವರು ವರ್ಷಗಟ್ಟಲೆ ತಮ್ಮ ಮೇಲೇ ಪ್ರಯೋಗ ನಡೆಸಿದರು. ಕೊನೆಗೆ ಅವರು ಮುಟ್ಟಿದ ನಿರ್ಧಾರ ಆ ಕಾಲಕ್ಕೆ ವಿಚಿತ್ರವಾಗಿತ್ತು: ಎರಡೇ ನಿಮಿಷದಲ್ಲಿ ಮುಗಿಯುವ 800 ಮೀಟರ್ ಓಡುವವನೂ ಮೊದಲು ವಾರಕ್ಕೆ ನೂರು ಮೈಲಿ ಆರಾಮಾಗಿ ಓಡಿ ಅಡಿಪಾಯ ಹಾಕಬೇಕು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಅವರ ನೆರೆಹೊರೆಯ ಹುಡುಗರಿಬ್ಬರು, ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ್ರಿ ಹಾಲ್‌ಬರ್ಗ್ 5,000 ಮೀಟರಿನಲ್ಲೂ, ಒಂದೇ ಮಧ್ಯಾಹ್ನ ಚಿನ್ನ ಗೆದ್ದರು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಲಿಡಿಯಾರ್ಡ್ ಆಮೇಲೆ ಮಾಡಿದ ಕೆಲಸ. ಅದೇ ಪಾಠವನ್ನು ಅವರು ಆಕ್ಲೆಂಡಿನ ನಡುವಯಸ್ಸಿನ, ಹೊಟ್ಟೆ ಬಂದ, ಹೃದಯದ ತೊಂದರೆ ಅನುಭವಿಸಿದ ಜನರಿಗೆ ಹೇಳಿಕೊಟ್ಟರು. ಜಾಗಿಂಗ್ ಕ್ಲಬ್ ಹುಟ್ಟಿತು. 1962ರ ಕೊನೆಯಲ್ಲಿ ಅಲ್ಲಿಗೆ ಬಂದ ಅಮೆರಿಕದ ಕೋಚ್ ಬಿಲ್ ಬವರ್ಮನ್ ಈ ಜನರ ಜೊತೆ ಓಡಿದರು, ತಮಗಿಂತ ಬಹಳ ಹಿರಿಯರ ಹಿಂದೆ ಉಳಿದರು. ಊರಿಗೆ ಮರಳಿ ಆರಿಗನ್‌ನಲ್ಲಿ ಅದನ್ನೇ ಶುರು ಮಾಡಿ, ಹೃದಯ ತಜ್ಞರೊಬ್ಬರ ಜೊತೆ ಜಾಗಿಂಗ್ ಬಗ್ಗೆ ಪುಸ್ತಕ ಬರೆದರು. ಸ್ಪರ್ಧೆಗಲ್ಲದೆ ಸುಮ್ಮನೆ ಖುಷಿಗೆ ರಸ್ತೆಯಲ್ಲಿ ಓಡುವುದು ಲೋಕಕ್ಕೆ ಹಬ್ಬಿದ್ದರಲ್ಲಿ ಆ ಪ್ರವಾಸಕ್ಕೆ ದೊಡ್ಡ ಪಾಲಿದೆ.

ಈಗ ಒಂದೇ ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡೋಣ. ಪಾದ ನೆಲ ಮುಟ್ಟಿ ಮತ್ತೆ ಮೇಲೇಳುವುದಕ್ಕೆ ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಆ ಚೂರು ಸಮಯದಲ್ಲಿ ನೆಲ ನಮ್ಮನ್ನು ಮೈತೂಕದ ಎರಡು, ಎರಡೂವರೆ ಪಟ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಮೊಣಕಾಲು ಬಾಗುತ್ತದೆ, ಪಾದದ ಕಮಾನು ತಗ್ಗುತ್ತದೆ, ಮೀನಖಂಡವನ್ನು ಹಿಮ್ಮಡಿಗೆ ಜೋಡಿಸಿರುವ ಅಕಿಲಿಸ್ ಸ್ನಾಯುರಜ್ಜು ರಬ್ಬರ್ ಪಟ್ಟಿಯ ಹಾಗೆ ಎಳೆದುಕೊಳ್ಳುತ್ತದೆ. ಮರುಕ್ಷಣವೇ ಅದು ಕುಗ್ಗಿ ನಮ್ಮನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಮೆಕ್‌ನೀಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು, ಚಿಕಿತ್ಸೆಗಾಗಿ ಕತ್ತರಿಸಬೇಕಾಗಿ ಬಂದಿದ್ದ ಪಾದಗಳನ್ನು ಯಂತ್ರದಲ್ಲಿಟ್ಟು ಒತ್ತಿ ಅಳೆದು, 1987ರಲ್ಲಿ ಲೆಕ್ಕ ಕೊಟ್ಟರು: ಪ್ರತಿ ಹೆಜ್ಜೆಯಲ್ಲಿ ದೇಹ ಕಳೆದುಕೊಂಡು ಮರಳಿ ಪಡೆಯಬೇಕಾದ ಶಕ್ತಿಯಲ್ಲಿ ಸುಮಾರು 35% ಅಕಿಲಿಸ್ ಒಂದರಲ್ಲೇ, ಇನ್ನೊಂದು 17% ಪಾದದ ಕಮಾನಿನಲ್ಲಿ ಶೇಖರವಾಗುತ್ತದೆ. ಅಂದರೆ ಅರ್ಧದಷ್ಟು ಕೆಲಸಕ್ಕೆ ಸ್ನಾಯು ಹೊಸದಾಗಿ ದುಡಿಯಬೇಕಿಲ್ಲ. ನಡೆಯುವಾಗ ಈ ಸ್ಪ್ರಿಂಗಿಗೆ ಇಷ್ಟು ಕೆಲಸವಿಲ್ಲ. ಚಿಂಪಾಂಜಿಗೆ ಇಷ್ಟು ಉದ್ದದ ಅಕಿಲಿಸ್ ಇಲ್ಲವೇ ಇಲ್ಲ.

2004ರಲ್ಲಿ ಡೆನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್ಮನ್ ಇಂಥ ಗುರುತುಗಳನ್ನೆಲ್ಲ ಒಟ್ಟುಹಾಕಿ, ದೂರ ಓಡುವುದು ಮನುಷ್ಯನ ವಿಕಾಸದಲ್ಲೇ ಇದೆ ಎಂದು ವಾದಿಸಿದರು. ತಲೆ ಕುಕ್ಕದಂತೆ ಹಿಡಿದಿಡುವ ಕುತ್ತಿಗೆಯ ಹಿಂದಿನ ಅಸ್ಥಿಬಂಧ, ಬೆವರಿನಿಂದ ತಣಿಯುವ ಕೂದಲಿಲ್ಲದ ಚರ್ಮ, ದೊಡ್ಡ ಪೃಷ್ಠದ ಸ್ನಾಯು. ಕೊನೆಯದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಸಮನೆಲದಲ್ಲಿ ನಡೆಯುವಾಗ ಸೊಂಟದ ಕೆಳಗೆ ಹಿಂಬದಿಗೆ ಕೈಯಿಟ್ಟರೆ ಸ್ನಾಯು ಮೆತ್ತಗಿರುತ್ತದೆ. ಓಡತೊಡಗಿದರೆ ಪ್ರತಿ ಹೆಜ್ಜೆಗೂ ಬಿಗಿಯುತ್ತದೆ. ಮೈ ಮುಂದಕ್ಕೆ ಮುಗ್ಗರಿಸದಂತೆ ತಡೆಯುವುದು ಅದೇ.

ಇದಕ್ಕೂ ಮುಂಚೆ, 1983ರಲ್ಲಿ, ಬ್ರಾಂಬಲ್ ಅವರು ಡೇವಿಡ್ ಕ್ಯಾರಿಯರ್ ಜೊತೆ ಸೇರಿ ಉಸಿರು ಮತ್ತು ಹೆಜ್ಜೆಯ ನಂಟನ್ನು ನೋಡಿದ್ದರು. ನಾಗಾಲೋಟದಲ್ಲಿರುವ ಕುದುರೆಗೆ ಒಂದು ದಾಪಿಗೆ ಒಂದೇ ಉಸಿರು. ಮುಂಗಾಲು ನೆಲಕ್ಕೆ ಅಪ್ಪಳಿಸಿದಾಗ ಎದೆಗೂಡಿನ ಮೇಲೆ ಭಾರ ಬೀಳುವುದರಿಂದ ಬೇರೆ ದಾರಿಯಿಲ್ಲ. ಮನುಷ್ಯರಾದರೋ ನಾಲ್ಕು ಹೆಜ್ಜೆಗೆ ಒಂದು, ಮೂರಕ್ಕೆ ಒಂದು, ಐದಕ್ಕೆ ಎರಡು, ಎರಡಕ್ಕೆ ಒಂದು ಎಂದು ಬೇಕಾದಂತೆ ಉಸಿರಾಡುತ್ತಿದ್ದರು. ಎರಡು ಕಾಲಿನ ಮೇಲೆ ನಿಂತಾಗ ಎದೆಗೂಡು ಮೈಭಾರ ಹೊರುವ ಕೆಲಸದಿಂದ ಬಿಡುಗಡೆಯಾಗಿದೆ. ಕಬ್ಬನ್ ಪಾರ್ಕಿನ ಆ ಹೆಂಗಸರು ಓಡುತ್ತಲೇ ಬಾಡಿಗೆಯ ವಿಷಯ ಮಾತಾಡಲು ಸಾಧ್ಯವಾಗಿರುವುದು ಈ ಬಿಡುಗಡೆಯಿಂದ. ಮಾತು ಹುಟ್ಟಿದ್ದಕ್ಕೂ ಇದೇ ಮೂಲ ಎಂದು ನಗುವಿನ ಸಂಶೋಧಕ ರಾಬರ್ಟ್ ಪ್ರೊವೈನ್ ಊಹಿಸಿದ್ದರು. ಅದು ಊಹೆಯೇ ಆದರೂ ನನಗೆ ಬಹಳ ಇಷ್ಟವಾದ ಊಹೆ.

ಇನ್ನು ಖುಷಿಯ ವಿಷಯ. ಓಡಿ ಬಂದ ಮೇಲಿನ ಹಗುರ ಮನಸ್ಸಿಗೆ ಎಂಡಾರ್ಫಿನ್ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಓಟದ ನಂತರ ರಕ್ತದಲ್ಲಿ ಎಂಡಾರ್ಫಿನ್ ಏರುವುದು ನಿಜ. ಆದರೆ ಅದರ ಅಣು ದೊಡ್ಡದು, ರಕ್ತದಿಂದ ಮೆದುಳಿಗೆ ಅದು ಸಲೀಸಾಗಿ ದಾಟುವುದಿಲ್ಲ. ಜರ್ಮನಿಯ ಹ್ಯಾಂಬರ್ಗಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಈ ಗಂಟನ್ನು ಬಿಡಿಸಲು ನೋಡಿತು. 63 ಜನರಲ್ಲಿ ಕೆಲವರಿಗೆ ಎಂಡಾರ್ಫಿನ್ ಕೆಲಸವನ್ನು ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು, 45 ನಿಮಿಷ ಓಡಿಸಿದರು. ಇನ್ನೊಮ್ಮೆ ಅಷ್ಟೇ ಹೊತ್ತು ನಡೆಸಿದರು. ಎಂಡಾರ್ಫಿನ್ ದಾರಿ ಮುಚ್ಚಿದ್ದರೂ ಓಡಿದವರ ಹಿಗ್ಗು ಹಾಗೆಯೇ ಇತ್ತು, ಆತಂಕ ಇಳಿದಿತ್ತು. ರಕ್ತದಲ್ಲಿ ಏರಿದ್ದು ದೇಹವೇ ತಯಾರಿಸುವ ಎಂಡೊಕ್ಯಾನಬಿನಾಯ್ಡ್‌ಗಳು. ಇವು ಕೊಬ್ಬಿನಲ್ಲಿ ಕರಗುವ ಪುಟ್ಟ ಅಣುಗಳು, ಮೆದುಳಿಗೆ ದಾಟುವುದು ಅವಕ್ಕೆ ಕಷ್ಟವಲ್ಲ. ಅಮೆರಿಕದ ಡೇವಿಡ್ ರೈಕ್ಲೆನ್ ತಂಡ ಮನುಷ್ಯರನ್ನೂ ನಾಯಿಗಳನ್ನೂ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯನ್ನೂ ಟ್ರೆಡ್‌ಮಿಲ್ ಹತ್ತಿಸಿ ನೋಡಿತು. ಓಡುವುದಕ್ಕೇ ಹುಟ್ಟಿದಂತಿರುವ ಮನುಷ್ಯ ಮತ್ತು ನಾಯಿಯಲ್ಲಿ ಈ ರಾಸಾಯನಿಕಗಳು ಏರಿದವು, ಫೆರೆಟ್‌ನಲ್ಲಿ ಏರಲಿಲ್ಲ. ಅದೇ ತಂಡದ ಇನ್ನೊಂದು ಅಧ್ಯಯನದ ಪ್ರಕಾರ ಅವು ಏರುವುದು ಮಧ್ಯಮ ವೇಗದಲ್ಲಿ. ತೀರ ಮೆಲ್ಲನೆ ನಡೆದರೂ ಇಲ್ಲ, ಪ್ರಾಣ ಹೋಗುವಂತೆ ಓಡಿದರೂ ಇಲ್ಲ.

ಎಲ್ಲ ಸುಖವನ್ನೂ ಅಣುಗಳ ಲೆಕ್ಕಕ್ಕೆ ಸೇರಿಸಬೇಕಿಲ್ಲ. ಫೆಬ್ರವರಿಯಲ್ಲಿ ಟಬೂಬಿಯಾ ಮರಗಳ ಕೆಳಗೆ ಗುಲಾಬಿ ಹೂ ಚೆಲ್ಲಿರುವ ರಸ್ತೆ, ಶ್ರೀರಂಗಪಟ್ಟಣದ ನಾಲೆ ಏರಿಯ ಕೆಮ್ಮಣ್ಣಿನ ದಾರಿ, ಓಟ ಮುಗಿಸಿ ದರ್ಶಿನಿಯ ಎತ್ತರದ ಮೇಜಿನ ಸುತ್ತ ನಿಂತು ಕುಡಿಯುವ ಕಾಫಿ, ಇವೆಲ್ಲ ಅದರ ಜೊತೆಗೇ ಬರುತ್ತವೆ.

ಅಭ್ಯಾಸ ಬೀಳಲು 21 ದಿನ ಸಾಕು ಎಂಬ ಮಾತಿಗೆ ಆಧಾರವಿಲ್ಲ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಹೊಸ ರೂಢಿಯೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಬೇಕಾದ ಮಧ್ಯಮಾಂಕ 66 ದಿನ. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ಎಂದು ಅಂದಾಜಾಯಿತು. ನೀರು ಕುಡಿಯುವಂಥ ರೂಢಿ ಬೇಗ ಬಿತ್ತು, ವ್ಯಾಯಾಮ ತಡವಾಗಿ. ಅವರ ಇನ್ನೊಂದು ಫಲಿತಾಂಶವನ್ನು ಜೂನ್ ತಿಂಗಳ ಮಳೆಯಲ್ಲಿ ಹಾಸಿಗೆ ಬಿಡಲಾಗದವರಿಗೆ ಹೇಳಲೇಬೇಕು: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಗಣನೀಯ ಪೆಟ್ಟೇನೂ ಬೀಳುವುದಿಲ್ಲ.

ಪೆಟ್ಟು ಬೀಳುವುದು ಉತ್ಸಾಹ ಹೆಚ್ಚಾದಾಗ. ರಕ್ತದ ದ್ರವಾಂಶ ಒಂದೆರಡು ವಾರದಲ್ಲೇ ಹೆಚ್ಚುತ್ತದೆ, ಸ್ನಾಯು ಒಂದೂವರೆ ತಿಂಗಳಲ್ಲಿ ಹುರಿಗೊಳ್ಳುತ್ತದೆ, ಉಸಿರು ಹಿಡಿತಕ್ಕೆ ಬರುತ್ತದೆ. ಸ್ನಾಯುರಜ್ಜು, ಮೂಳೆಗಳಿಗೆ ಮಾತ್ರ ತಿಂಗಳುಗಳೇ ಬೇಕು. ಮೂಳೆ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುವ ಮೊದಲು ಹಳೆಯದನ್ನು ಕೊರೆದು ತೆಗೆಯುತ್ತದೆ, ಆದ್ದರಿಂದ ನಡುವಿನ ಕೆಲವು ವಾರ ಅದು ದುರ್ಬಲ. ಎರಡನೆಯ ತಿಂಗಳಲ್ಲಿ "ಇನ್ನೂ ಓಡಬಲ್ಲೆ" ಅನ್ನಿಸುವಾಗಲೇ ಮೊಣಕಾಲ ಕೆಳಗಿನ ಮುಂಗಾಲೆಲುಬಿನಲ್ಲಿ ನೋವು ಕಾಣಿಸಿಕೊಳ್ಳುವುದು ಈ ಅಂತರದಿಂದ. ಮಂಡಿ ಸವೆಯುತ್ತದೆ ಎಂಬ ಹೆದರಿಕೆಯನ್ನಂತೂ ಬಿಟ್ಟುಬಿಡಬಹುದು. ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿದ 2017ರ ವಿಶ್ಲೇಷಣೆಯಲ್ಲಿ ಮಂಡಿ ಮತ್ತು ಸೊಂಟದ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ 3.5%, ಓಡದೆ ಕೂತು ಕೆಲಸ ಮಾಡುವವರಲ್ಲಿ 10.2%, ಸ್ಪರ್ಧೆಗಾಗಿ ಓಡುವವರಲ್ಲಿ 13.3% ಇತ್ತು. ಮೊದಲೇ ಮಂಡಿ ಕೆಟ್ಟವರು ಓಡುವುದನ್ನು ಬಿಟ್ಟಿರಬಹುದು, ಆ ಎಚ್ಚರ ಬೇಕು. ಆದರೂ ಮೂರು ಅಂಕಿಗಳ ನಡುವಿನ ಅಂತರ ಕಡೆಗಣಿಸುವಂಥದ್ದಲ್ಲ.

ಗುರಿಗಳ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಕೆಲಸ ಸೊಗಸಾಗಿದೆ. ಎರಿಕ್ ಅಲೆನ್ ಮತ್ತು ಇತರರು ಸುಮಾರು 1 ಕೋಟಿ ಮ್ಯಾರಥಾನ್ ಫಲಿತಾಂಶಗಳನ್ನು ಜೋಡಿಸಿ 2017ರಲ್ಲಿ ಪ್ರಕಟಿಸಿದರು. ಓಟಗಾರರ ಸಮಯಗಳು ಸಹಜವಾಗಿ ನುಣುಪಾದ ಗುಡ್ಡದಂತೆ ಹರಡಿಕೊಳ್ಳಬೇಕಿತ್ತು. ಬದಲಿಗೆ 3 ಗಂಟೆ, ಮೂರೂವರೆ, 4 ಗಂಟೆಗಳ ಗೆರೆಗೆ ಸ್ವಲ್ಪ ಮುಂಚೆ ಜನ ಒತ್ತಾಗಿ ಸೇರಿದ್ದರು, ಗೆರೆ ದಾಟಿದ ಕೂಡಲೇ ತೆಳುವಾಗಿದ್ದರು. 3:59ಕ್ಕೂ 4:01ಕ್ಕೂ ದೇಹದ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ. ಮನಸ್ಸು ಗುಂಡಂಕಿಗೆ ಜೋತುಬಿದ್ದು, ದಣಿದ ಕಾಲುಗಳಿಂದಲೂ ಕೊನೆಯ ಎರಡು ಕಿಲೋಮೀಟರಿನಲ್ಲಿ ಇನ್ನಷ್ಟು ಹಿಂಡಿಕೊಳ್ಳುತ್ತದೆ. 2008ರಿಂದ ಬೆಂಗಳೂರಿನಲ್ಲಿ ನಡೆದುಬಂದಿರುವ ವರ್ಲ್ಡ್ ಟೆನ್‌ಕೆ ಓಟದಲ್ಲೂ ಬಹಳ ಜನರಿಗೆ ಬೇಕಿರುವುದು ಒಂದು ಗಂಟೆಯೊಳಗೆ ಮುಗಿಸಿದ ಸಮಾಧಾನ. ಇದರಲ್ಲಿ ತಪ್ಪೇನಿಲ್ಲ. ಬಿಬ್ ಕಟ್ಟಿಕೊಂಡು ಸಾವಿರಾರು ಜನರ ನಡುವೆ ನಿಲ್ಲುವ ಬೆಳಗಿನ ಸಡಗರ ವರ್ಷಕ್ಕೊಮ್ಮೆಯಾದರೂ ಬೇಕು. ಆದರೆ ಆರೋಗ್ಯ ಅಷ್ಟು ಕೇಳುವುದಿಲ್ಲ. ಟೆಕ್ಸಾಸಿನ ಡಲ್ಲಾಸ್‌ನಲ್ಲಿ 55,137 ಜನರನ್ನು ಸರಾಸರಿ 15 ವರ್ಷ ಹಿಂಬಾಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓಟಗಾರರು ಹೃದ್ರೋಗ ಹಾಗೂ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ, ಓಡದವರಿಗಿಂತ 45% ಕಡಿಮೆ ಇತ್ತು. ದಿನಕ್ಕೆ ಐದರಿಂದ ಹತ್ತು ನಿಮಿಷ, ಅದೂ ಗಂಟೆಗೆ ಆರು ಮೈಲಿಗಿಂತ ನಿಧಾನವಾಗಿ ಓಡಿದವರಲ್ಲೂ ಲಾಭ ಎದ್ದು ಕಾಣುತ್ತಿತ್ತು.

ಸಮಯದ ಗುರಿಗೆ ಬದಲಾಗಿ ನಾನು ಎಲ್ಲರಿಗೂ ಹೇಳುವ ಅಳತೆ ಇನ್ನೊಂದಿದೆ. ಲಾಲ್‌ಬಾಗಿನ ಒಂದು ಸುತ್ತನ್ನೋ ನಿಮ್ಮೂರ ಕೆರೆ ಏರಿಯನ್ನೋ ಆರಿಸಿಕೊಳ್ಳಿ. ಜೊತೆಯವರೊಂದಿಗೆ ಪೂರ್ತಿ ವಾಕ್ಯ ಮಾತಾಡಬಲ್ಲ ವೇಗದಲ್ಲಿ ಅದನ್ನು ಓಡಿ, ಎಷ್ಟು ಹೊತ್ತಾಯಿತು ಎಂದು ಬರೆದಿಡಿ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿತಂತೆ, ಮೈಟೊಕಾಂಡ್ರಿಯ ಹೆಚ್ಚಿದಂತೆ, ಉಸಿರು ಅಷ್ಟೇ ಇರುತ್ತದೆ, ಸಮಯ ಇಳಿಯುತ್ತದೆ. ಹೋಲಿಕೆ ಸರಿಯಾಗಬೇಕಾದರೆ ಹವೆಯೂ ಒಂದೇ ತೆರನಾಗಿರಬೇಕು. ಓಟದಲ್ಲಿ ಖರ್ಚಾಗುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ 580 ಕಿಲೋಕ್ಯಾಲರಿಯಷ್ಟು ಶಾಖವನ್ನು ಒಯ್ಯುತ್ತದೆ, ಆದರೆ ಆವಿಯಾದರೆ ಮಾತ್ರ. 900 ಮೀಟರ್ ಎತ್ತರದ ಬೆಂಗಳೂರಿನ ಒಣ ಬೆಳಗಿನಲ್ಲಿ ಅದು ಆಗುತ್ತದೆ. ಮಂಗಳೂರಿನ ಮೇ ತಿಂಗಳಲ್ಲಿ ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಮೈ ತಣಿಯುವುದಿಲ್ಲ, ರಕ್ತ ಚರ್ಮದ ಕಡೆಗೆ ತಿರುಗಿ ಹೃದಯದ ಬಡಿತ ಏರುತ್ತದೆ. ಕರಾವಳಿಯವರು ಜನವರಿಯ ಸಮಯವನ್ನು ಮುಂದಿನ ಜನವರಿಯ ಸಮಯದ ಜೊತೆಗೇ ಹೋಲಿಸಿಕೊಳ್ಳಬೇಕು.